ಮೋಟಾರು ವಿಭಾಗ ಬೇರೆ ಹೋದದ್ದು

ಮಾರ್ಚ್ 3, ಭಾನುವಾರ

ಬಟ್ಟೆ ಒಣಹಾಕಿ ಬಂದು ಲ್ಯಾಪ್‌ಟಾಪ್ ತೆರೆದೆ. ಅತ್ತೆ ಹಾಜರ್. ಪ್ರತಿ ಭಾನುವಾರದ ಪ್ರಶ್ನೆ— "ನಮ್ಮ ಕಂಪನಿ ಹೇಗಿದೆ?" ಹೊಲಿಗೆಯಂತ್ರದ ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದವರು. ಸಂಬಳದಲ್ಲಿ ಉಳಿಸಿ ಕೊಂಡ ಅದೇ ಕಂಪನಿಯ ಷೇರು. ಬೆಲೆ ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ನನ್ನ ಸಾಫ್ಟ್‌ವೇರಿನಲ್ಲಿ.

ಈ ವಾರ ಕಂಪನಿ ಎರಡಾಯಿತು. ಮೋಟಾರು ವಿಭಾಗವೇ ಹೊಸ ಕಂಪನಿ. ಅದರ ಷೇರು ಅತ್ತೆಯ ಖಾತೆಗೆ ತಾನಾಗಿ ಬಂದಿದೆ. ದುಡ್ಡು ಕೊಟ್ಟಿಲ್ಲವಲ್ಲ... ಕೊಂಡ ಬೆಲೆ ಸೊನ್ನೆ ಎಂದು ಹಾಕಿದೆ. ಮೋಟಾರು ಹೋದ ಮೇಲೆ ಹಳೆಯ ಕಂಪನಿಯ ಬೆಲೆ ಇಳಿದಿದೆ, ಅದರ ಸಾಲು ಕೆಂಪಗಾಯಿತು. ಮೂರರಲ್ಲೊಂದು ಪಾಲು ನಷ್ಟ!

"ಕೂಡಿದ್ದಾಗ ಚೆನ್ನಾಗಿತ್ತು," ಅಂದರು ಅತ್ತೆ. "ಬೇರೆ ಹೋದೋರು ಯಾರು ಉದ್ಧಾರ ಆಗಿದಾರೆ?"

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಮುಖ ನೋಡಬೇಕಿತ್ತು. ಎರಡು ಬೀದಿ ಆಚೆ ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದೇವೆ. ಅತ್ತೆಗೆ ಇವತ್ತೇ ಹೇಳಬೇಕೆಂದಿದ್ದೆವು.

ಮಾರ್ಚ್ 4, ಸೋಮವಾರ

"ಆ ಕೆಂಪು ಹೋಗೋವರೆಗೂ ಬಾಯಿ ಬಿಡೋದು ಬೇಡ," ಅಂತಾರೆ ಇವರು. ಮಹಾ ಧೈರ್ಯಸ್ಥರು! ಹದಿನೈದಕ್ಕೆ ಬೀಗದ ಕೈ ಸಿಗುತ್ತದೆ. ನಮ್ಮ ಪುಟ್ಟಿಯನ್ನು ಎತ್ತಿ ಆಡಿಸಿ ಆರು ವರ್ಷದವಳನ್ನಾಗಿ ಮಾಡಿದ್ದು ಅತ್ತೆ. ಅವರ ಮನಸ್ಸು ನೋಯಿಸಿ ಹೋಗಲಾರೆ. ನಿಜವಾಗಿಯೂ ಭಯವಾಗುತ್ತಿದೆ.

ಮಾರ್ಚ್ 9, ಶನಿವಾರ, ಮಧ್ಯಾಹ್ನ

ಸಿಕ್ಕಿತು! ತಪ್ಪು ನನ್ನದೇ. ಹೊಸ ಷೇರು ಪುಕ್ಕಟೆ ಅಲ್ಲವಂತೆ. ಅಂದು ಕೊಟ್ಟ ದುಡ್ಡನ್ನೇ ಎರಡು ಕಂಪನಿಗೂ ಹಂಚಬೇಕು. ಹಳೆಯದಕ್ಕೆ 64 ಪರ್ಸೆಂಟ್, ಹೊಸದಕ್ಕೆ 36— ಕಂಪನಿಯೇ ಮೇಲ್ ಕಳಿಸಿದೆ. ಚಪ್ಪಲಿ ಜಾಹೀರಾತುಗಳ ನಡುವೆ ಬಿದ್ದಿತ್ತು. ಸಾಫ್ಟ್‌ವೇರಿನಲ್ಲಿ ಹೀಗೆ ವಿಭಾಗ ಬೇರೆ ಹೋದಾಗ ಒತ್ತೋಕೆ 'ಸ್ಪಿನ್-ಆಫ್' ಅಂತ ಬೇರೆ ಬಟನ್ನೇ ಇದೆ, ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಸೊನ್ನೆ ಅಳಿಸಿ ಅಲ್ಲಿ ಈ ಅಂಕಿಗಳನ್ನು ತುಂಬಿದೆ. ಕೆಂಪು ಮಾಯ.

ಮಾರ್ಚ್ 10, ಭಾನುವಾರ

ಅತ್ತೆ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು.

"ಕೊಂಡ ತಾರೀಖು ಎರಡಕ್ಕೂ ಹಳೇದೇ ಇದೆಯಲ್ಲೇ?"

"ಹೌದತ್ತೆ. ಬೇರೆ ಹೋದ್ರೂ ಅದು ಬದಲಾಗಲ್ಲ."

"ಒಟ್ಟು?"

"ಮೊದಲಿನಷ್ಟೇ. ಚೂರೂ ಕಮ್ಮಿ ಆಗಿಲ್ಲ."

ಕನ್ನಡಕ ತೆಗೆದು ಮಡಿಸಿದರು. ಆಮೇಲೆ ಮಗನನ್ನು ಕೂಗಿದರು. "ಬಾರೋ ಇಲ್ಲಿ. ನಿಮ್ಮ ಫ್ಲ್ಯಾಟು ಎಷ್ಟನೇ ಮಹಡಿ?"

ಇವರು ಕಕ್ಕಾಬಿಕ್ಕಿ. "ಯಾರಮ್ಮ ಹೇಳಿದ್ದು?"

"ನೀವಿಬ್ರೂ ಪಿಸುಪಿಸು ಅನ್ನೋದು ಎದುರುಮನೆಗೂ ಕೇಳಿಸುತ್ತೆ." ನನ್ನ ಕಡೆ ತಿರುಗಿದರು. "ಮೊದಲು ಇದು ಹೇಳು. ಪುಟ್ಟಿ ನನ್ನ ಪಾಲಿಗೆ ಎಷ್ಟು ಪರ್ಸೆಂಟು?"

ನಗು ಬಂತು. "ನೀವೇ ಹೇಳಿ ಅತ್ತೆ."

"ಸ್ಕೂಲು ಬಿಟ್ಟಾಗಿಂದ ರಾತ್ರಿ ಊಟದವರೆಗೂ ನಂದು. ಮಿಕ್ಕಿದ್ದು ನಿಮ್ದು."

ಒಪ್ಪಿದೆ. ಎಂಥ ಹಗುರ! ಇವರು ಮಾತ್ರ ಇನ್ನೂ ಬಾಯಿ ತೆರೆದುಕೊಂಡೇ ಇದ್ದಾರೆ.

ಮಾರ್ಚ್ 17, ಭಾನುವಾರ, ಬೆಳಿಗ್ಗೆ

ಮನೆ ತುಂಬ ರಟ್ಟಿನ ಡಬ್ಬ. ವ್ಯಾನ್ ಕೆಳಗೆ ಬಂದು ನಿಂತಿದೆ. ನಮ್ಮವು ಹನ್ನೊಂದಿರಬೇಕು, ಹನ್ನೆರಡಿವೆ. ತೆರೆದರೆ— ಅತ್ತೆಯ ದಿಂಬು, ಹೊದಿಕೆ, ಹಲ್ಲುಜ್ಜುವ ಬ್ರಷ್ಷು.

"ಶನಿವಾರ ರಾತ್ರಿ ನಾನು ಅಲ್ಲೇ ಮಲಗೋದು," ಅಂದರು. "ಯಾಕೆ, ಹೇಳಿರಲಿಲ್ವಾ?"

ಎಲ್ಲಿ ಹೇಳಿದ್ದರು! ಪುಟ್ಟಿ ಕುಣಿಯುತ್ತಿದ್ದಾಳೆ. ಇವರು ನನ್ನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು, ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ, "ಕೇಳಿಸ್ತು ಕಣೋ—"