ಹಾಡಿನ ನಡುವೆ ಬಂದ ಮಾತು

ಬಾರಾ ದ್ವೀಪ, ಸ್ಕಾಟ್ಲೆಂಡ್
೧೨ ಮೇ ೧೯೫೬

ಮಾನ್ಯ ಗಿಲ್ಲೀಸ್ ಅವರಿಗೆ ವಂದನೆಗಳು.

ಕಳೆದ ಬೇಸಿಗೆಯಲ್ಲಿ ನೀವು ನಮ್ಮ ಮನೆಗೆ ಬಂದು, ಹಾಲು ಕರೆಯುವಾಗ ಅಮ್ಮ ಹಾಡುವ ಹಾಡನ್ನು ಟೇಪಿನಲ್ಲಿ ಹಿಡಿದುಕೊಂಡಿರಿ. ಅದು ಈಗ ಗ್ರಾಮಫೋನ್ ಪ್ಲೇಟಾಗಿ ಬರಲಿದೆ, ನಡುವೆ ಕೇಳಿಸುವ ಗಂಡಸಿನ ಮಾತನ್ನು ಕತ್ತರಿಸಿ ತೆಗೆಯುತ್ತೇವೆ ಎಂದು ಬರೆದಿದ್ದೀರಿ. ಅದರ ಬಗ್ಗೆಯೇ ಈ ಕಾಗದ.

ಆ ಗಂಡಸು ನನ್ನ ಅಪ್ಪ. ಕೊಟ್ಟಿಗೆಯಿಂದ ಒಳಗೆ ಬಂದವರು ನಿಮ್ಮ ಯಂತ್ರವನ್ನು ಲೆಕ್ಕಿಸದೆ, "ಆ ಸಾಲು ಹಾಗಲ್ಲ ಕಣೇ, ನಮ್ಮಮ್ಮ ಬೇರೆ ಥರ ಹಾಡ್ತಿದ್ರು" ಎಂದರು.

"ಹಾಗಾದ್ರೆ ಹಾಲೂ ನೀವೇ ಕರೀರಿ, ಹಾಡೂ ನೀವೇ ಹಾಡಿ ಮಾರಾಯ್ರೇ!" ಎಂದು ಅಮ್ಮ ರೇಗಿದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರ್ಚಿನಲ್ಲಿ ಏಡಿ ಹಿಡಿಯಲು ಹೋದಾಗ ಅವರ ದೋಣಿ ಮಗುಚಿತು. ಅಪ್ಪ ತಿರುಗಿ ಬರಲಿಲ್ಲ. ಮನೆಯಲ್ಲಿ ಅವರ ಫೋಟೋ ಎರಡಿವೆ. ಎರಡರಲ್ಲೂ ತುಟಿ ಬಿಗಿದು ನಿಂತಿದ್ದಾರೆ.

ನಿಮ್ಮ ಕಾಗದ ಓದಿ ಹೇಳಿದಾಗ ಅಮ್ಮ, "ಬೇಕಾದ್ರೆ ಹಾಡು ತೆಗೀಲಿ ಎಫಿ. ಆ ನಗು ಮಾತ್ರ ತೆಗೀಬೇಡಿ ಅಂತ ಬರಿ" ಎಂದಳು.

ಪ್ಲೇಟನ್ನು ನಿಮಗೆ ಸರಿ ಕಂಡಂತೆ ಮಾಡಿಕೊಳ್ಳಿ. ಆದರೆ ಟೇಪಿಗೆ ಕತ್ತರಿ ಹಾಕುವ ಮೊದಲು ಅದರ ಒಂದು ಪೂರ್ತಿ ಪ್ರತಿಯನ್ನು ದಯವಿಟ್ಟು ನಮಗೆ ಕಳಿಸಿ. ಶಾಲೆಯ ಟೀಚರ್ ತಮ್ಮ ಯಂತ್ರದಲ್ಲಿ ಕೇಳಿಸುತ್ತೇನೆ ಅಂದಿದ್ದಾರೆ.

ನಿಮ್ಮ ಪಾದದ ಅಳತೆಯನ್ನೂ ಬರೆಯಿರಿ. ಅಮ್ಮ ನಿಮಗೆ ಕಾಲುಚೀಲ ಹೆಣೆಯಬೇಕಂತೆ. ಅಪ್ಪ ಹೋದ ಮೇಲೆ ಅವಳು ಉಣ್ಣೆ ಕೈಗೆತ್ತಿಕೊಂಡದ್ದು ಇವತ್ತೇ.

ಇಂತು ನಿಮ್ಮ ವಿಶ್ವಾಸಿ,
ಎಫಿ ಮೆಕ್‌ಫೀ