ಗೋರಿಯ ಮೇಲಿನ ಲೋಟ ಎತ್ತಿದವರಿಗೆ

ಮಾನ್ಯ ನಿರ್ದೇಶಕರೇ,

ನಿಮ್ಮ ಪರಂಪರಾ ಸ್ಥಳಗಳ ಕಚೇರಿಯವರು ನನ್ನ ತಂಗಿಯನ್ನು ಕಳೆದುಹಾಕಿದ್ದಾರೆ. ಅವಳು ಸತ್ತು ಮೂರು ವರ್ಷವಾಯಿತು. ಆ ಸಾವಿನ ಹೊಣೆ ನಿಮ್ಮ ಮೇಲಿಲ್ಲ, ಅವಳ ಮೂತ್ರಪಿಂಡಗಳು ಕೈಕೊಟ್ಟವು. ನನ್ನ ದೂರು ಅದಾದ ಮೇಲಿನದು. ಈ ಈಸ್ಟರ್ ಹಬ್ಬದವರೆಗೆ ಅವಳು ಎಲ್ಲಿ ಮಲಗಿದ್ದಾಳೆಂದು ಕಣ್ಣು ಮುಚ್ಚಿಕೊಂಡು ತೋರಿಸುತ್ತಿದ್ದೆ. ಈಗ ಕಣ್ಣು ಬಿಟ್ಟುಕೊಂಡು ಹುಡುಕಿದರೂ ಗೊತ್ತಾಗುತ್ತಿಲ್ಲ. ನಮ್ಮ ದ್ವೀಪದ ಸ್ಮಶಾನವನ್ನು ನೀವು ಅಷ್ಟು ಚೆನ್ನಾಗಿ ಗುಡಿಸಿಬಿಟ್ಟಿದ್ದೀರಿ. ನಿಮ್ಮ ವಿಳಾಸಕ್ಕೇ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಇದಕ್ಕೂ ಉತ್ತರ ಬರುವುದಿಲ್ಲವೆಂಬ ನಂಬಿಕೆ ನನಗಿದೆ. ನಿಮ್ಮ ಕಚೇರಿಯ ಬಗ್ಗೆ ಉಳಿದಿರುವ ನಂಬಿಕೆ ಅದೊಂದೇ.

ಆ ಸ್ಮಶಾನದಲ್ಲಿ ಎರಡು ಬಗೆಯ ಜನ ಮಲಗಿದ್ದಾರೆ. ಮುಂದಿನ ಸಾಲುಗಳಲ್ಲಿ ಸಿಪಾಯಿಗಳು. ಈ ಕೆರೊಲಿನ ಕರಾವಳಿಯ ಹತ್ತಿ ಹೊಲಗಳಲ್ಲಿ, ಭತ್ತದ ಗದ್ದೆಗಳಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಬಂದು, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ನೀಲಿ ಕೋಟು ತೊಟ್ಟು, ತಮ್ಮನ್ನು ಕೊಂಡು ಮಾರಿದವರ ಮೇಲೆಯೇ ಬಂದೂಕು ಎತ್ತಿದ ನಮ್ಮ ಮುತ್ತಜ್ಜಂದಿರು. ಅವರಿಗೆ ಸರ್ಕಾರ ಸಾಲಾಗಿ ಬಿಳಿ ಕಲ್ಲು ನೆಟ್ಟಿದೆ. ಹಿಂದುಗಡೆ, ಓಕ್ ಮರಗಳ ಕೆಳಗೆ, ಜೌಗಿನ ಕಡೆಗೆ, ಆ ಸಿಪಾಯಿಗಳ ಪೀಳಿಗೆಯವರು ಕಟ್ಟಿಕೊಂಡ ನಮ್ಮ ಪಲ್ಟಣ ವಂಶಸ್ಥರ ಸಂಘದ ಸದಸ್ಯರು. ಇವರು ಯಾವ ಯುದ್ಧಕ್ಕೂ ಹೋದವರಲ್ಲ. ಸಿಗಡಿ ಹಿಡಿದವರು, ಶಾಲೆಗಳಲ್ಲಿ ಅಡುಗೆ ಮಾಡಿದವರು, ಪಕ್ಕದ ದ್ವೀಪದ ಹೋಟೆಲುಗಳಲ್ಲಿ ಬೇರೆಯವರ ಹಾಸಿಗೆ ಸರಿಮಾಡಿದವರು. ಆದರೆ ಮೇ ತಿಂಗಳ ಕೊನೆಯ ಸೋಮವಾರ, ಸತ್ತ ಸಿಪಾಯಿಗಳನ್ನು ದೇಶವೇ ನೆನೆಯುವ ದಿನ, ನೀಲಿ ಕೋಟು ತೊಟ್ಟು, ಮೊಣಕಾಲೂರಿ, ಆ ಬಿಳಿ ಕಲ್ಲುಗಳ ಪಾಚಿ ಉಜ್ಜಿ ಹೂವಿಟ್ಟವರು ಅವರೇ. ಇಲ್ಲಿಗೆ ಸೇತುವೆಯೇ ಇಲ್ಲದ ಕಾಲದಲ್ಲಿ ಕೆಲಸದ ಊರುಗಳಿಂದ ದೋಣಿಯಲ್ಲಿ ಬಂದು ಉಜ್ಜಿದವರು. ನಿಮ್ಮ ಕಚೇರಿಯ ಫಲಕದ ಮೇಲೆ ‘ಪರಂಪರೆ’ ಎಂದು ಬರೆದಿದೆಯಲ್ಲ, ಅದನ್ನು ನಿಮಗಾಗಿ ಕಾಯ್ದಿಟ್ಟವರು ಯಾರು ಎಂದುಕೊಂಡಿದ್ದೀರಿ? ಅವರ ಗೋರಿಗೆ ಕಲ್ಲಿಲ್ಲ. ಸರ್ಕಾರ ಕಲ್ಲು ಕೊಡುವುದು ಯುದ್ಧ ಮಾಡಿದವರಿಗೆ, ನೆನಪಿಟ್ಟುಕೊಂಡವರಿಗಲ್ಲ.

ನಮಗೆ ಕಲ್ಲಿನ ಅಗತ್ಯವೂ ಬಿದ್ದಿರಲಿಲ್ಲ. ಸತ್ತವರು ಕೊನೆಯ ಬಾರಿ ಯಾವುದರಲ್ಲಿ ಕುಡಿದರೋ, ಯಾವುದರಲ್ಲಿ ಉಂಡರೋ, ಕೊನೆಯವರೆಗೆ ಯಾವುದನ್ನು ಬಳಸಿದರೋ ಅದನ್ನು ನಾವು ಗೋರಿಯ ಮೇಲೆ ಇಡುತ್ತೇವೆ. ಇಡುವ ಮೊದಲು ಒಡೆಯುತ್ತೇವೆ, ಇಲ್ಲವೇ ತೂತು ಹಾಕುತ್ತೇವೆ. ಸಾವಿನ ಸರಪಳಿ ಅಲ್ಲಿಗೇ ಕಡಿಯಲಿ, ಮನೆಯಿಂದ ಇನ್ನೊಬ್ಬರನ್ನು ಎಳೆದುಕೊಂಡು ಹೋಗದಿರಲಿ ಎಂದು. ಒಮ್ಮೆ ಇಟ್ಟ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದವರ ಬೆನ್ನು ಹತ್ತಿ ಸತ್ತವರು ಮನೆಗೆ ಬರುತ್ತಾರೆ, ನನ್ನದೆಲ್ಲಿ ಎಂದು ಕೇಳಿಕೊಂಡು. ತಾವು ನಗಬಹುದು. ಬಾವುಟದ ಅಂಚು ನೆಲಕ್ಕೆ ತಾಗದಿರಲೆಂದು ನಿಮ್ಮ ಸಿಬ್ಬಂದಿ ಹಾರಾಡುವುದನ್ನು ಕಂಡು ನಾವೆಂದಾದರೂ ನಕ್ಕಿದ್ದೇವೆಯೇ?

ನನ್ನ ತಂಗಿ ಎರ್ಲೀನ್ ಸಂಘದ ಅಷ್ಟೂ ಕೋಟುಗಳನ್ನು ಹೊಲಿದವಳು. ಹಿತ್ತಾಳೆ ಗುಂಡಿ ಒಂದು ಎಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಸಾಯುವ ದಿನ ಬೆಳಿಗ್ಗೆ ಕೋಳಿಯ ಚಿತ್ರವಿದ್ದ ತನ್ನ ಪಿಂಗಾಣಿ ಲೋಟದಲ್ಲಿ ಕಾಫಿ ಕುಡಿದು, ಸಕ್ಕರೆ ಸಾಲದೆಂದು ನನ್ನನ್ನು ಬೈದಳು. ಅವಳು ನನಗೆ ಆಡಿದ ಕೊನೆಯ ಮಾತು ಅದು. ಮಣ್ಣು ಮಾಡಿದ ಮೇಲೆ ಆ ಲೋಟದ ತಳಕ್ಕೆ ಮೊಳೆಯಿಟ್ಟು ಹೊಡೆದವಳು ನಾನು. ಮೊಳೆ ಜಾರಿತು, ತೂತು ನಡುವೆ ಬೀಳದೆ ಅಂಚಿಗೆ ಬಿತ್ತು. ಪಕ್ಕದಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ಥ್ಯಾಡಿಯಸ್ ಬಗ್ಗಿ ನೋಡಿದ.

“ಲೇ ಹೆಸ್ಟರ್, ಅದೇನೇ ತೂತು, ಮೂಲೆಗೆ ಹೊಡ್ದಿದ್ದೀಯ? ಎರ್ಲೀನ್ ನೋಡಿದ್ರೆ ಬಿಚ್ಚಿ ಮತ್ತೆ ಹೊಲಿ ಅಂತಿದ್ಲು.”

“ಅವಳು ನೋಡಲ್ವಲ್ಲಣ್ಣ, ಸುಮ್ನಿರು” ಎಂದೆ. ಇಬ್ಬರೂ ಅಳುತ್ತಲೇ ನಕ್ಕೆವು. ಆ ಕೋಳಿ ಲೋಟದ ಎಡಕ್ಕೆ ಥ್ಯಾಡಿಯಸನ ಅಮ್ಮನ ನಿಂತುಹೋದ ಗಡಿಯಾರವಿತ್ತು, ಬಲಕ್ಕೆ ಯಾರದೋ ಲಾಂದ್ರದ ಗಾಜು. ನಮ್ಮ ಸತ್ತವರ ಬೀದಿಯಲ್ಲಿ ಮನೆ ಗುರುತು ಹೇಳುತ್ತಿದ್ದದ್ದು ಹಾಗೆ.

ಈಸ್ಟರಿಗೆ ಮೊದಲು ನಿಮ್ಮ ಪ್ರಕಟಣೆ ಗೇಟಿನ ಮೇಲೆ ಬಂತು. ಪ್ರವಾಸಿಗರ ಅನುಕೂಲಕ್ಕಾಗಿ ಸ್ಮಶಾನದ ಸೌಂದರ್ಯೀಕರಣ ನಡೆಯಲಿದೆ, ಗೋರಿಗಳ ಮೇಲಿನ ವಸ್ತುಗಳಲ್ಲಿ ಬೇಕಾದವನ್ನು ಸಂಬಂಧಪಟ್ಟವರು ಒಯ್ಯತಕ್ಕದ್ದು ಅಥವಾ ಅವಕ್ಕೆ ಕೆಂಪು ಪಟ್ಟಿ ಕಟ್ಟತಕ್ಕದ್ದು, ಉಳಿದವನ್ನು ಯಾರಿಗೂ ಬೇಡವಾದವೆಂದು ಪರಿಗಣಿಸಲಾಗುವುದು. ಗೇಟಿಗೆ ಪಟ್ಟಿಗಳ ಸುರುಳಿಯನ್ನೂ ನೇತುಹಾಕಿದ್ದಿರಿ, ನಿಮ್ಮ ಔದಾರ್ಯ ದೊಡ್ಡದು. ನಾನು ಅದೇ ದಿನ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ಬಹಳ ಮರ್ಯಾದೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ.

“ಪಟ್ಟಿ ಕಟ್ಟಿಬಿಡಿ ಅಮ್ಮ, ಅಷ್ಟೇ ಕೆಲಸ” ಎಂದಳು.

“ಕಟ್ಟಬೇಕು ಅಂದ್ರೆ ಮುಟ್ಟಬೇಕಲ್ಲಮ್ಮ. ನಾವು ಮುಟ್ಟಲ್ಲ.”

“ಹಾಗಾದ್ರೆ ಆ ಸಾಮಾನು ನಿಮಗೆ ಬೇಡ ಅಂತಲಾ?”

“ಬೇಕು. ಬೇಕು ಅಂತಾನೇ ಮುಟ್ಟಲ್ಲ.”

ಆ ಕಡೆ ಕೀಲಿಮಣೆ ಒತ್ತುವ ಸದ್ದಾಯಿತು. ಆಮೇಲೆ ಅವಳು, “ಇಲ್ಲಿ ಬೇಕು, ಬೇಡ ಅಂತ ಎರಡೇ ಇರೋದಮ್ಮ, ಏನಂತ ಹಾಕ್ಲಿ?” ಎಂದಳು. ಯೋಚಿಸಿ ನೋಡಿ. ಕಸವನ್ನು ಯಾರಾದರೂ ಮುಟ್ಟುತ್ತಾರೆ, ಎತ್ತುತ್ತಾರೆ, ಎಸೆಯುತ್ತಾರೆ. ಇಡೀ ದ್ವೀಪ ತಲೆಮಾರುಗಳಿಂದ ಕೈಯಿಡದೆ ಬಿಟ್ಟದ್ದೆಂದರೆ ಅದು ಯಾರಿಗೂ ಬೇಡವಾದದ್ದು ಎಂಬ ತೀರ್ಮಾನಕ್ಕೆ ಬರಲು ಎಷ್ಟು ಓದಿರಬೇಕು, ಸ್ವಾಮಿ? ನಾವು ನಿಮ್ಮ ಪಟ್ಟಿ ಕಟ್ಟಿದ್ದರೆ ಸತ್ತವರಿಗೆ ದ್ರೋಹ, ಕಟ್ಟದಿದ್ದರೆ ಅವರ ಸಾಮಾನು ನಿಮ್ಮ ಕಸದ ಲಾರಿಗೆ. ಒಂದೇ ಒಂದು ಪಟ್ಟಿಯೂ ಸುರುಳಿಯಿಂದ ಇಳಿಯಲಿಲ್ಲ. ನಮ್ಮ ಮಟ್ಟಿಗೆ ಅದೇ ಸ್ಪಷ್ಟವಾದ ಉತ್ತರವಾಗಿತ್ತು, ನೀವೂ ಅದನ್ನು ಸ್ಪಷ್ಟವಾದ ಉತ್ತರವೆಂದೇ ಓದಿಕೊಂಡಿರಿ.

ಹಬ್ಬ ಕಳೆದು ಹೋಗಿ ನೋಡಿದರೆ ಲೋಟವಿಲ್ಲ, ಗಡಿಯಾರವಿಲ್ಲ, ಲಾಂದ್ರವಿಲ್ಲ. ಮಣ್ಣಿನ ದಿಬ್ಬಗಳು ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡಿಯೆಂದು ಅವನ್ನೂ ಮಟ್ಟ ಮಾಡಿದ್ದೀರಿ. ಓಕ್ ಮರಗಳ ಕೆಳಗೆ ಗಾಲ್ಫ್ ಮೈದಾನದಂಥ ಹುಲ್ಲು. ಎಪ್ಪತ್ತು ದಾಟಿದ ಥ್ಯಾಡಿಯಸ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ನಡೆದ. ಎಲ್ಲಿ ಕಾಲಿಟ್ಟರೆ ಯಾರನ್ನು ತುಳಿದಂತಾಗುವುದೋ ಎಂದು ಅರ್ಧ ಹೆಜ್ಜೆಗೇ ನಿಲ್ಲುತ್ತಿದ್ದ.

“ಅಮ್ಮ ಇಲ್ಲೇ ಎಲ್ಲೋ ಇದ್ಲು ಕಣೆ. ಈ ಮರದಿಂದ ಈಚೆಗೆ. ಇಲ್ಲ, ಆಚೆಗೆ.” ಆಮೇಲೆ ತಗ್ಗಿದ ದನಿಯಲ್ಲಿ, “ಪಟ್ಟಿ ಕಟ್ಟಿಬಿಡಬೇಕಿತ್ತೇನೋ” ಎಂದ.

“ಕಟ್ಟಿದ್ರೆ ನಿಮ್ಮಮ್ಮ ಮನೆಗೇ ಬಂದು ನಿನ್ನ ಕಿವಿ ಹಿಂಡ್ತಿದ್ಲು.”

“ಬಂದಿದ್ರೆ ಚೆನ್ನಾಗಿತ್ತು, ಹೆಸ್ಟರ್. ನೀನು ಮಲಗಿರೋದು ಎಲ್ಲಿ ಅಂತ ಕೇಳಬಹುದಿತ್ತು.”

ಅವನ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಉತ್ತರ ನಿಮ್ಮ ಹತ್ತಿರ ಇದೆಯೇ?

ಇಷ್ಟರಲ್ಲಿ ನೀವು ಗೇಟಿನ ಬಳಿ ಕಟ್ಟಿಸಿದ ಸಂದರ್ಶಕರ ಕೇಂದ್ರದ ಬಾಗಿಲು ತೆರೆಯಿತು. ಒಳಗೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಲಾರಿಯಿಂದ ಆರಿಸಿ ಉಳಿಸಿದ ಕೆಲವು ಚಂದದ ಸಾಮಾನು. ನಡುವೆ ಕೋಳಿಯ ಲೋಟ. ಅಂಥ ಲೋಟ ಬೇರೆ ಮನೆಗಳಲ್ಲೂ ಇದ್ದೀತು, ಆದರೆ ತಳದ ಅಂಚಿಗೆ ಅಂಥ ಕೆಟ್ಟ ತೂತು ಹೊಡೆಯುವವಳು ಈ ದ್ವೀಪದಲ್ಲಿ ನಾನೊಬ್ಬಳೇ. ಕೆಳಗೆ ಚೀಟಿ: ‘ದ್ವೀಪವಾಸಿಗಳ ಜಾನಪದ ಅಲಂಕಾರ ಕಲೆ. ಕಲಾವಿದರು ಅಜ್ಞಾತ.’ ಕಲಾವಿದೆ ಪೆಟ್ಟಿಗೆಯ ಮುಂದೆ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ನಿಂತಿದ್ದಳು, ಯಾರೂ ಕೇಳಲಿಲ್ಲ. ಪೆಟ್ಟಿಗೆಯ ಮೇಲೆ ‘ದಯವಿಟ್ಟು ಮುಟ್ಟಬೇಡಿ’ ಎಂದಿತ್ತು. ಹಾಗಾದರೆ ಮುಟ್ಟಬಾರದ್ದು ಎಂಬುದೊಂದು ಇರುತ್ತದೆಂದು ನಿಮಗೂ ಗೊತ್ತು. ಗಾಜು ಹಾಕಿದ ಮೇಲೆ ಮಾತ್ರ ಗೊತ್ತಾಗುತ್ತದೆ, ಅಷ್ಟೆ. ನನಗೆ ಅಲ್ಲೇ ಎದೆ ಬಿರಿಯುವಷ್ಟು ದುಃಖವಾಯಿತು. ಲೋಟ ಸಿಕ್ಕಿತ್ತು, ಅದರ ಕೆಳಗಿದ್ದವಳು ಸಿಕ್ಕಿರಲಿಲ್ಲ.

ಈಗ ನಿಮ್ಮ ಆಮಂತ್ರಣ ಬಂದಿದೆ. ಮೇ ಕೊನೆಯ ಸೋಮವಾರ ನವೀಕೃತ ಸ್ಮಶಾನದ ಉದ್ಘಾಟನೆಯಂತೆ, ಸಂಘದವರು ನೀಲಿ ಕೋಟಿನಲ್ಲಿ ಬಂದರೆ ‘ಕಳೆ ಕಟ್ಟುತ್ತದೆ’ ಎಂದು ಬರೆದಿದ್ದೀರಿ. ಬರುತ್ತೇವೆ. ನೀವು ಕರೆದಿರೆಂದಲ್ಲ, ಆ ದಿನ ನಮ್ಮ ಸತ್ತ ಸದಸ್ಯರ ಹೆಸರು ಕೂಗುವ ದಿನ. ಹೆಸರು ಕೂಗಿದಾಗ ಆ ಮನೆಯವರು ಗೋರಿಯ ತಲೆಯ ಕಡೆ ನಿಂತು, “ಇಲ್ಲೇ ಇದ್ದಾಳೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅದಷ್ಟೇ ನಮ್ಮ ಸ್ಮರಣೆ, ಭಾಷಣ ಇಲ್ಲ, ತುತ್ತೂರಿ ಇಲ್ಲ.

ಲೋಟವನ್ನು ನಾನು ವಾಪಸು ಕೇಳುವುದಿಲ್ಲ. ಕೊಟ್ಟರೂ ಮುಟ್ಟುವಂತಿಲ್ಲ, ಇಡುವ ಜಾಗವೂ ಗೊತ್ತಿಲ್ಲ. ಕ್ಷಮೆ ಕೇಳುವ ಪತ್ರವೂ ಬೇಡ, ಅದನ್ನು ಯಾರ ಗೋರಿಯ ಮೇಲಿಡಲಿ? ನನ್ನ ಬೇಡಿಕೆ ಒಂದೇ. ಆ ಸೋಮವಾರ ವೇದಿಕೆಯಿಂದ ಇಳಿದು ಬನ್ನಿ. ಎರ್ಲೀನ್ ಗ್ಯಾಡ್ಸನ್ ಎಂದು ಕೂಗಿದಾಗ ನಾನು ಬಾಯಿ ತೆರೆಯುವುದಿಲ್ಲ, ತಂಗಿಯ ಹೆಸರಿನಲ್ಲಿ ಸುಳ್ಳು ಹೇಳಲು ನನ್ನಿಂದಾಗದು. ನೀವು ನಿಮ್ಮ ಹುಲ್ಲಿನ ಮೇಲೆ ನಡೆದು ಹೋಗಿ, ಎಲ್ಲಾದರೂ ಒಂದು ಕಡೆ ನಿಂತು, “ಇಲ್ಲೇ ಇದ್ದಾಳೆ” ಎಂದು ಹೇಳಿ. ನೀವು ಎಲ್ಲಿ ನಿಂತರೂ ನಾನು ಒಪ್ಪಿಕೊಂಡು ಅಲ್ಲಿಗೇ ಹೂವಿಡುತ್ತೇನೆ. ನನಗೆ ಬೇರೆ ಜಾಗ ಉಳಿದಿಲ್ಲ.

ಇಂತಿ,
ನಿಮ್ಮ ಹುಲ್ಲುಹಾಸಿನ ಕೆಳಗೆ ಎಲ್ಲೋ ಇರುವವಳ ಅಕ್ಕ,
ಹೆಸ್ಟರ್ ಗ್ಯಾಡ್ಸನ್
ಕಾರ್ಯದರ್ಶಿ, ಪಲ್ಟಣ ವಂಶಸ್ಥರ ಸಂಘ
(ಉಳಿದವರು ನಾಲ್ವರೇ ಆದ್ದರಿಂದ ಅಧ್ಯಕ್ಷೆಯೂ ನಾನೇ)