ಜಿಪ್ಸಮ್ ಗೋಡೆಯ ಪರದೆ

ಗಂಗಾವತಿ, ಸೋಮವಾರ

ನನ್ನ ಮುದ್ದಿನ ದಾನೇಶ್ವರಿ ಅಕ್ಕನಿಗೆ,

ಅಕ್ಕಾ, ಪರದೆ ನಿಂತಿತು! ಇವತ್ತಿಗೆ ಒಂಬತ್ತು ದಿನ, ಕಂಬಿ ಕೂದಲೆಳೆಯಷ್ಟೂ ಕದಲಿಲ್ಲ. ಖುಷಿಗೆ ನಿನ್ನೆ ಪಾಯಸ ಮಾಡಿದೆ. ಬೆಲ್ಲ ಜಾಸ್ತಿಯಾಯಿತು, ಆದರೂ ಎಲ್ಲರೂ ತಿಂದರು. ಇದನ್ನು ಓದಿದ ಕೂಡಲೇ ನೀನೊಂದು ಕೆಲಸ ಮಾಡಬೇಕು. ಭಾನುವಾರ ನಿನ್ನ ಯಜಮಾನರು, ನಮ್ಮ ಮಾಮಾ, ಇಲ್ಲಿಗೆ ಬಂದು, ಗಂಡ ಹೆಂಡಿರಿಬ್ಬರಿಗೆ ಬೇರೆ ಮನೆ ಮಾಡಿಕೊಡಿ ಎಂದು ಕೇಳುವುದಿದೆಯಲ್ಲ, ಅದನ್ನು ನಿಲ್ಲಿಸು. ಕೇಳಲಿ ಎಂದವಳೂ ನಾನೇ, ಬೇಡ ಎನ್ನುವವಳೂ ನಾನೇ. ಫೋನಿನಲ್ಲಿ ಹೇಳಲಾರೆ, ಈ ಮನೆಯ ಗೋಡೆ ಎಂಥದೆಂದು ಈಗ ಗೊತ್ತಾಗಿದೆ. ವಾಟ್ಸಾಪ್ ಮಾಡಿದರೆ ನಿನ್ನ ಫೋನ್ ಸದಾ ಮಾಮಾನ ಕೈಯಲ್ಲಿ. ಕೆಳಗಿನ ಮನೆಯ ರಾಜಾಬೀ ಟೀಚರ್ ದಿನಾ ನಿಮ್ಮೂರು ಕೊಪ್ಪಳಕ್ಕೆ ಹೋಗುತ್ತಾರೆ, ಅವರ ಕೈಗೆ ಈ ಕಾಗದ ಕೊಡುತ್ತೇನೆ. ಲಕೋಟೆಗೆ ಎರಡು ಸಲ ಗೋಂದು ಹಚ್ಚುತ್ತೇನೆ. ಅಂಚು ಎದ್ದಿದ್ದರೆ ನನಗೆ ತಿಳಿಸು.

ನಮ್ಮ ಕೋಣೆಯನ್ನು ನೀನು ಮದುವೆಯಲ್ಲಿ ನೋಡಿದ್ದೀಯ. ಮಗನಿಗೆ ಹೆಣ್ಣು ಗೊತ್ತಾದ ಮೇಲೆ ಹಾಲ್‌ನ ನಡುವೆ ಜಿಪ್ಸಮ್ ಹಾಳೆ ನಿಲ್ಲಿಸಿ ಮಾಡಿದ್ದು. ಬೀದಿ ಕಡೆಯ ಒಂದೇ ಕಿಟಕಿ ನಮ್ಮ ಪಾಲಿಗೆ ಬಂತು. ಹಾಲ್‌ಗೂ ಬೆಳಕು ಬೇಕೆಂದು ಆ ಹೊಸ ಗೋಡೆಯಲ್ಲಿ ಮಂಚದಷ್ಟು ಅಗಲದ ಗಾಜು ಕೂರಿಸಿದ್ದಾರೆ. ಗಾಜಿನ ಆಚೆ ಅತ್ತೆಯ ಹಾಸಿಗೆ. ಹೊಸ ಮದುಮಕ್ಕಳಿಗೆ ಇಂಥ ಕೋಣೆ ಯಾರ ತಲೆಯಲ್ಲಿ ಹೊಳೆಯಿತೋ ಎಂದು ಮೊದಲ ದಿನವೇ ನನಗೆ ಗುಮಾನಿ ಹುಟ್ಟಿತು.

ನೀನು ಹೊಲಿದುಕೊಟ್ಟ ನವಿಲು ಬಣ್ಣದ ಪರದೆಯನ್ನು ಸಿದ್ದಲಿಂಗೇಶ (ಗಂಡನ ಹೆಸರು ಬರೆದೆನೆಂದು ಬೈಯಬೇಡ, ಬರೆಯಲು ಎಷ್ಟು ಹಿತವೆನಿಸುತ್ತದೆ ಗೊತ್ತೇ!) ತಾವೇ ಹಾಕಿದರು. ತೂತು ಕೊರೆದು, ಪ್ಲಾಸ್ಟಿಕ್ ಗಿಟ್ಟಿ ಬಡಿದು, ಸ್ಕ್ರೂ ತಿರುಗಿಸಿ, ಎದೆಯುಬ್ಬಿಸಿ ನಿಂತರು. ಮೂರನೆಯ ದಿನ, ಹಾಲ್‌ನಲ್ಲಿ ತಾವರಗೇರಾದ ನೆಂಟರು ಚಹಾ ಕುಡಿಯುತ್ತಿದ್ದಾಗ ಕಂಬಿ ಧೊಪ್ಪೆಂದು ಕಳಚಿತು. ಗಾಜಿನ ಈಚೆ ನಾನು ಸೀರೆಯ ನೆರಿಗೆ ಹಿಡಿದುಕೊಂಡು ನಿಂತಿದ್ದೆ ಅಕ್ಕಾ. ಆ ದಿನ ಎಷ್ಟು ಅತ್ತೆನೋ ಲೆಕ್ಕವಿಲ್ಲ.

ಇವರು ಮತ್ತೆ ಬಿಗಿ ಮಾಡಿದರು. ಅಲ್ಲಿಂದ ಮುಂದೆ ಅದು ಸಡಿಲಾಗುತ್ತಿದ್ದುದು ಇವರು ಅಕ್ಕಿ ಮಿಲ್ಲಿಗೆ ಹೋಗಿ, ನಾನು ಟೆರೇಸಿನಲ್ಲಿ ಮೆಣಸಿನಕಾಯಿ ಹರವುವ ಹೊತ್ತಿಗೇ. ಬಂದು ನೋಡಿದರೆ ಕಂಬಿ ವಾಲಿರುತ್ತಿತ್ತು, ತೂತಿನ ಅಂಚು ಉದುರಿರುತ್ತಿತ್ತು. ಕಂಬಿಗೂ ಕೊಂಡಿಗೂ ಒಂದು ಕೆಂಪು ದಾರ ಕಟ್ಟಿಟ್ಟೆ. ಅದೂ ಹರಿದಿತ್ತು. ಅತ್ತೆಯ ಸೆರಗಿನಂಚಿಗೆ ಬಿಳಿ ಪುಡಿ. ಕೇಳಿದರೆ ರೊಟ್ಟಿ ಹಿಟ್ಟು ಎಂದರು. ತೊಳೆಯಲು ಹಾಕಿದ ಸೀರೆಯನ್ನು ಮೂಸಿ ನೋಡಿದೆ, ನಗಬೇಡ, ಜೋಳದ ವಾಸನೆಯೇ ಇಲ್ಲ. ಅವತ್ತೇ ನಿನಗೆ ಫೋನ್ ಮಾಡಿ ಪಿಸುಗುಟ್ಟಿದ್ದು: ಈ ಮುದುಕಿ ಬೇಕೆಂದೇ ಕೀಳುತ್ತಾಳೆ, ನಮಗೆ ಬೇರೆ ಮನೆ ಬೇಕು ಎಂದು.

ಆಮೇಲೆ ಇವರು ಜಿಪ್ಸಮ್ ಕೆಲಸದ ಓಬಳೆಪ್ಪನನ್ನು ಕರೆತಂದರು. ಅವನು ಬೆರಳಿನಿಂದ ತಟ್ಟಿ ನಕ್ಕ. “ಇದು ಗೋಡಿ ಅಲ್ಲ ತಂಗಿ, ಡಬ್ಬಿ ಐತಿ. ಒಳಗ ಬರೀ ಗಾಳಿ. ಗಿಟ್ಟಿ ಏನ್ ಹಿಡ್ಕೊಂಡು ನಿಲ್ಲಬೇಕು?” ಒಂದು ಅಯಸ್ಕಾಂತವನ್ನು ಗೋಡೆಯ ಮೇಲೆ ಸವರುತ್ತ ಹೋದ. ಅದು ಕಚ್ಚಿದಲ್ಲೆಲ್ಲ ಹಾಳೆಯ ಹಿಂದೆ ಅದನ್ನು ಹಿಡಿದಿರುವ ಕಬ್ಬಿಣದ ಚಾನೆಲ್ ಇದೆಯಂತೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿದ. ಉದ್ದನೆಯ ಮರದ ಪಟ್ಟಿಯನ್ನು ಆ ಚಾನೆಲ್‌ಗಳಿಗೆ ಸ್ಕ್ರೂ ಮಾಡಿ, ಕಂಬಿಯ ಕೊಂಡಿಗಳನ್ನು ಪಟ್ಟಿಗೆ ಕೂರಿಸುವುದು ಅವನ ಲೆಕ್ಕ. ಅದಕ್ಕೂ ಮೊದಲು ಹಳೆಯ ತೂತಿಗೆ ಬೆರಳು ಹಾಕಿ ಏನನ್ನೋ ಎಳೆದ. ಅರಿವೆ ಚೂರು. ಇನ್ನೊಂದು, ಮತ್ತೊಂದು. ಎಲ್ಲವೂ ಅತ್ತೆಯ ಹಳೆಯ ಇಳಕಲ್ ಸೀರೆಯವು.

ಅತ್ತೆ ಬಾಗಿಲಲ್ಲಿದ್ದರು. ಮೆಲ್ಲಗೆ ಹೇಳಿದರು, “ಮಣ್ಣಿನ ಗೋಡ್ಯಾಗ ಗೂಟ ಸಡ್ಲ ಆದ್ರ ಹಿಂಗ ಅರಿವಿ ತುರುಕಿ ಬಡೀತಿದ್ವಿ. ಗಟ್ಟಿ ಕುಂತ್ರ ಈಕಿ ಬ್ಯಾರೆ ಮನಿ ಕೇಳೂದಿಲ್ಲ ಅಂತ ಮೊನ್ನೆ ಮತ್ತ ತುರುಕಿದ್ದೆ.”

ತುರುಕಿದಷ್ಟೂ ತೂತು ಹಿಗ್ಗಿತ್ತು, ಅಷ್ಟೇ. ಇವರು “ಯಾವ ಬ್ಯಾರೆ ಮನಿ?” ಎಂದು ಅವರ ಮುಖ, ನನ್ನ ಮುಖ ನೋಡಿದರು. ನಾನು ಓಬಳೆಪ್ಪನಿಗೆ ಒಂದೊಂದೇ ಸ್ಕ್ರೂ ಕೊಡುತ್ತ ನಿಂತೆ.

ಅಂದರೆ ಅವತ್ತು ಫೋನಿನಲ್ಲಿ ನಾನು ಪಿಸುಗುಟ್ಟಿದ್ದೆಲ್ಲ ಗೋಡೆಯಾಚೆ ಕೇಳಿದೆ, ಮುದುಕಿ ಎಂದದ್ದನ್ನೂ ಅತ್ತೆ ಕೇಳಿದ್ದಾರೆ. ಒಂಬತ್ತು ದಿನದಿಂದ ಆ ಮಾತನ್ನೇ ಎತ್ತಿಲ್ಲ. ನನಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಾರೆ. ನನಗೆ ಅದೇ ಭಯ. ಗುರುವಾರ ನಾನು ನಿನ್ನಲ್ಲಿಗೆ ಹೊರಟಿದ್ದೇನಲ್ಲ, ನಿನ್ನೆ ಪಾಯಸ ತಿಂದು, ಕೊಪ್ಪಳಕ್ಕೆ ನಾನೂ ಬರುತ್ತೇನೆ, ನಿಮ್ಮ ಅಕ್ಕನ ಹತ್ತಿರ ಮಾತಿದೆ ಎಂದರು. ಏನು ಮಾತು ಎಂದು ಎರಡು ಸಲ ಕೇಳಿದೆ, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತರು. ಜಗಳವೋ, ನಮ್ಮನ್ನು ತಾವೇ ಬೇರೆ ಇಡುವ ಯೋಚನೆಯೋ, ತಿಳಿಯದೆ ಒದ್ದಾಡುತ್ತಿದ್ದೇನೆ. ಅವರು ಬಾಯಿ ತೆರೆಯುವ ಮೊದಲು ಬೇರೆ ಮನೆ ಬೇಡವೆಂದು, ಮುದುಕಿ ಎಂದದ್ದು ತಪ್ಪೆಂದು, ನಿನ್ನೆದುರೇ ನಾನು ಹೇಳಬೇಕು. ಇಲ್ಲಿ ಹೇಳಲು ನಾಲಿಗೆ ಏಳುತ್ತಿಲ್ಲ. ನನಗೆ ಧೈರ್ಯ ಬರುವ ತನಕ ನೀನು ಅವರಿಗೆ ಚಹಾದ ಮೇಲೆ ಚಹಾ ಕೊಡುತ್ತಿರು.

ಮಾಮಾನಿಗೂ ಮಕ್ಕಳಿಗೂ ಒಳ್ಳೆಯದಾಗಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಗುರುವಾರ, ಸಿಂಧನೂರಿನಿಂದ ಬರುವ ಹುಬ್ಬಳ್ಳಿ ರೈಲಿನಲ್ಲಿ, ಅತ್ತೆಯ ಪಕ್ಕದಲ್ಲೇ ಕುಳಿತು ಬರುವ

ನಿನ್ನ ದೀಪಿಕಾ